ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ

ಹೋದ ತಿಂಗಳು ಪಾಂಡವಪುರ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ತಮ್ಮ ಮಾರುತಿ 800 ತಗೊಂಡು ಮಂಡ್ಯದ ನಮ್ಮ ಗ್ಯಾರೇಜಿಗೆ ಬಂದರು. 1998ರ ಕಾರ್ಬ್ಯುರೇಟರ್ ಗಾಡಿ. ಇಳಿದವರೇ ಡಿಕ್ಕಿ ತೆಗೆದು ಒಂದು ದೊಡ್ಡ ರಟ್ಟನ್ನು ಬಾನೆಟ್ ಮೇಲೆ ಹಾಸಿದರು. ರಾತ್ರಿಯೆಲ್ಲ ಕಾರಿನ ಕೆಳಗಿಟ್ಟಿದ್ದ ರಟ್ಟು ಅದು. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆ ಅಂತ ಪೆನ್ನಿನಲ್ಲಿ ಗುರುತು ಹಾಕಿದ್ದರು. ನಡುವೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ.

“ಒಂದ್ಕಡೆ ತೋರಿಸ್ದೆ ಕಣಪ್ಪ. ಕ್ರ್ಯಾಂಕ್ ಸೀಲ್ ಹೋಗೈತೆ, ಗೇರ್ ಬಾಕ್ಸ್ ಇಳಿಸ್ಬೇಕು ಅಂದ್ರು. ಎಂಟೊಂಬತ್ತು ಸಾವ್ರ ಆಯ್ತದಂತೆ. ನಿಜವೇನಯ್ಯ?”

ರಟ್ಟು ನೋಡಿ ನನಗೆ ಖುಷಿಯಾಯಿತು. ಹೀಗೆ ಲೆಕ್ಕ ಇಟ್ಟುಕೊಂಡು ಬರುವ ಗಿರಾಕಿ ಅಪರೂಪ. ಆದರೆ ರಟ್ಟು ಹೇಳುವುದು ಹನಿ ಎಲ್ಲಿ ಬಿತ್ತು ಅಂತ ಮಾತ್ರ. ಆಯಿಲ್ ಎಲ್ಲಿಂದ ಹೊರಟಿತು ಅಂತ ಅದಕ್ಕೆ ಗೊತ್ತಿಲ್ಲ. ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದು ಹೊಸದಲ್ಲ. ಒಡೆದ ಹೆಂಚು ಒಂದು ಕಡೆ, ರೀಪರಿನ ಗುಂಟ ಹರಿದು ನೀರು ಬೀಳುವುದು ಇನ್ನೊಂದು ಕಡೆ. ಇಂಜಿನ್ನಿನಲ್ಲಿ ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಹಾಗಾಗಿ ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದು ಯಾವುದು ಅಂತ ಹುಡುಕಬೇಕು.

ಅದಕ್ಕೂ ಮುಂಚೆ, ಬಿದ್ದಿರುವುದು ಇಂಜಿನ್ ಆಯಿಲ್ಲೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಬೆರಳಿಗೆ ಹಚ್ಚಿ ಮೂಸಿದರೆ ಸಾಕು. ಗೇರ್ ಆಯಿಲ್‌ಗೆ ಗಂಧಕದ ಗಬ್ಬು ವಾಸನೆ. ಕೂಲೆಂಟ್ ಬಣ್ಣದ ನೀರಿನ ಹಾಗಿರುತ್ತದೆ. ಚಕ್ರದ ಒಳಗಡೆ ತೆಳ್ಳಗೆ ಏನಾದರೂ ಒಸರುತ್ತಿದ್ದರೆ ಅದು ಬ್ರೇಕ್ ಆಯಿಲ್ ಇರಬಹುದು, ಗಾಡಿ ತೆಗೆಯಲೇಬೇಡಿ. ಎಸಿ ನೀರು ನೋಡಿ ಗಾಬರಿಯಾಗಿ ಫೋನ್ ಮಾಡುವವರೂ ಇದ್ದಾರೆ, ಇರಲಿ.

ಮೇಷ್ಟ್ರ ಗಾಡಿಯನ್ನು ಗುಂಡಿ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಿದೆ. ಇಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗ ಪೂರ್ತಿ ಒದ್ದೆ. ಕ್ರ್ಯಾಂಕ್ ಸೀಲ್ ಅಂದವರು ಸುಳ್ಳು ಹೇಳಿರಲಿಲ್ಲ. ಇಂಜಿನ್ನಿನ ತಿರುಗುವ ದಂಡದ ಸುತ್ತ ಆಯಿಲ್ ತಡೆಯುವ ಆ ರಬ್ಬರ್ ಸೀಲ್ ಹೋದರೆ ಹನಿ ಬೀಳುವುದು ಅಲ್ಲೇ. ಆದರೆ ಮೇಲಿಂದ ಸೋರಿದರೂ ಬಂದು ಸೇರುವುದು ಅಲ್ಲಿಗೇ. ಈ ಗಾಡಿಯಲ್ಲಿ ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ತುದಿಗೆ, ಗೇರ್ ಬಾಕ್ಸಿನ ಕಡೆಗೇ, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂತಿರುತ್ತದೆ. ಅದರ ಬುಡದಲ್ಲಿ ಬೆರಳು ಆಡಿಸಿದೆ. ಕಪ್ಪು ಜಿಡ್ಡು, ಅದರ ಮೇಲೆ ಹೊಸ ಆಯಿಲ್.

ಅಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಹಳೇ ಇಂಜಿನ್ ಮೈಯೆಲ್ಲ ಜಿಡ್ಡೇ. ಬ್ರಷ್ ಹಿಡಿದು ಡೀಸೆಲ್ ಹಾಕಿ ತೊಳೆದು, ಬನಿಯನ್ ವೇಸ್ಟಿನಲ್ಲಿ ಒರೆಸಿ, ಗಾಳಿ ಹೊಡೆದು ಒಣಗಿಸಿದೆವು. ಮೇಲೆ ಮಗುವಿಗೆ ಹಾಕುವ ಟಾಲ್ಕಂ ಪೌಡರ್ ಉದುರಿಸಿದೆವು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಡುವಾಳು ತನಕ ಹೋಗಿ ಬಂದೆ. ಬಾನೆಟ್ ಎತ್ತಿದರೆ ಬಿಳಿ ಪುಡಿಯ ಮೇಲೆ ಕಂದು ಗೆರೆಯೊಂದು ಡಿಸ್ಟ್ರಿಬ್ಯೂಟರ್ ಬುಡದಿಂದ ಸೀದಾ ಕೆಳಗೆ ಇಳಿದಿತ್ತು.

ಡಿಸ್ಟ್ರಿಬ್ಯೂಟರ್ ಬಿಚ್ಚುವ ಮುಂಚೆ ಅದು ಕೂತ ಜಾಗಕ್ಕೆ ಗೀರು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಟೈಮಿಂಗ್ ಆಚೀಚೆ ಆಗಿ, ಲೀಕ್ ನಿಂತರೂ ಪಿಕಪ್ ಹೋಯಿತು ಅಂತ ಗಿರಾಕಿ ವಾಪಸ್ ಬರುತ್ತಾನೆ. ಒಳಗಿದ್ದ ರಬ್ಬರ್ ರಿಂಗ್ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಬಗ್ಗಿಸಿದರೆ ಒಣ ಅವರೆ ಸಿಪ್ಪೆ ಹಾಗೆ ಪಟ್ ಅಂತ ಮುರಿಯಿತು. ಇಷ್ಟು ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಇನ್ನೇನಾಗುತ್ತದೆ? ರಿಂಗಿನ ಬೆಲೆ ನಾವು ಕುಡಿದ ಟೀ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ.

ಅದನ್ನು ಹಾಕುವ ಮುಂಚೆ ನಾನು ಇನ್ನೊಂದು ಕೆಲಸ ಮಾಡಿದೆ. ಇಂಜಿನ್ ಉಸಿರು ಬಿಡುವ ಬ್ರೀದರ್ ಪೈಪ್ ಕಿತ್ತು ನೋಡಿದೆ. ಈ ಅಭ್ಯಾಸ ನನಗೆ ಪೆಟ್ಟು ತಿಂದು ಬಂದದ್ದು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಹೂವಿನ ವ್ಯಾಪಾರದ ಒಂದು ಓಮ್ನಿ ಬಂತು, ಹಿಂದಿನ ಕ್ರ್ಯಾಂಕ್ ಸೀಲ್ ಸೋರುತ್ತಿತ್ತು. ಉಸ್ತಾದ್ ಇರಲಿಲ್ಲ. ನಾನೇ ಗೇರ್ ಬಾಕ್ಸ್ ಇಳಿಸಿ ಹೊಸ ಸೀಲ್ ಹೊಡೆದು ಕೊಟ್ಟೆ. ಏನೋ ದೊಡ್ಡ ಕೆಲಸ ಮಾಡಿದ ಜಂಬ. ತಿಂಗಳು ತುಂಬುವುದರೊಳಗೆ ಅದೇ ಓಮ್ನಿ, ಅದೇ ಜಾಗದಲ್ಲಿ ಲೀಕ್. ಉಸ್ತಾದ್ ಒಂದು ಮಾತೂ ಬೈಯಲಿಲ್ಲ. ಇಂಜಿನ್ ಚಾಲೂ ಮಾಡಿಸಿ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ಸುಮ್ನೆ ಇಟ್ಟರು. ಮುಚ್ಚಳ ಅನ್ನದ ಪಾತ್ರೆ ತಟ್ಟೆ ಹಾಗೆ ಕುಣಿಯತೊಡಗಿತು. ಆಮೇಲೆ ಬ್ರೀದರ್ ಪೈಪ್ ಕಿತ್ತು ನನ್ನ ಕೈಗೆ ಕೊಟ್ಟರು. ಒಳಗೆ ಆಲೆಮನೆ ಕೊಪ್ಪರಿಗೆಯ ತಳ ಹಿಡಿದ ಪಾಕದಂಥ ಕಪ್ಪು ಗಸಿ, ಕಡ್ಡಿ ತೂರಿಸಲೂ ಜಾಗವಿರಲಿಲ್ಲ.

ಆಗುವುದಿಷ್ಟೇ. ಪಿಸ್ಟನ್ ಮೇಲೆ ಉರಿಯುವ ಗ್ಯಾಸಿನಲ್ಲಿ ಸ್ವಲ್ಪ ಪಿಸ್ಟನ್ ರಿಂಗು ದಾಟಿ ಕೆಳಗೆ ಚೇಂಬರ್ ಕಡೆ, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ ಕಡೆ, ಬಂದೇ ಬರುತ್ತದೆ. ಅದಕ್ಕೆ ನಾವು ಬ್ಯಾಕ್ ಕಂಪ್ರೆಷನ್ ಅನ್ನುತ್ತೇವೆ. ಅದು ಹೊರಗೆ ಹೋಗಲು ಇರುವ ದಾರಿ ಬ್ರೀದರ್. ಅದನ್ನು ಕಟ್ಟಿಬಿಟ್ಟರೆ ಒತ್ತಡ ಬೇರೆ ದಾರಿ ಹುಡುಕುತ್ತದೆ, ಯಾವ ಸೀಲ್ ಮೆತ್ತಗಿದೆಯೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ಹೊಸ ಸೀಲ್ ಹಾಕಿದರೆ ಅದನ್ನೂ ಸೋರಿಸುತ್ತದೆ. ಬ್ರೀದರ್ ಪೈಪು, ಆ ಗ್ಯಾಸನ್ನು ಬಿಡುವ ಪಿಸಿವಿ ವಾಲ್ವ್ ಕ್ಲೀನ್ ಮಾಡಿದ ಮೇಲೂ ಮುಚ್ಚಳ ಕುಣಿಯುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಆಗ ಪ್ಯಾಕಿಂಗ್ (ಎರಡು ಭಾಗ ಕೂಡುವಲ್ಲಿ ಸೋರದ ಹಾಗೆ ನಡುವೆ ಇಡುವುದು) ಮೇಲೆ ಪ್ಯಾಕಿಂಗ್ ಬದಲಿಸಿ ದುಡ್ಡು ಹಾಳು ಮಾಡಬೇಡಿ. ಮೇಷ್ಟ್ರ ಗಾಡಿಯಲ್ಲಿ ಪೈಪ್ ಅರ್ಧ ಕಟ್ಟಿತ್ತು, ಪೆಟ್ರೋಲ್ ಹಾಕಿ ತೊಳೆದೆವು. ಪಿಸ್ಟನ್ ರಿಂಗ್ ಚೆನ್ನಾಗಿತ್ತು.

ಲೀಕ್ ಅಂದರೆ ಎಲ್ಲರೂ ನೆಲ ನೋಡುತ್ತಾರೆ. ನೆಲ ನಂಬಬೇಡಿ. ರಾತ್ರಿ ಹತ್ತು ಹನಿ ಬಿತ್ತು ಅಂತಿಟ್ಟುಕೊಳ್ಳಿ. ಇಪ್ಪತ್ತು ಮೂವತ್ತು ಹನಿ ಸೇರಿದರೆ ಒಂದು ಮಿಲಿ. ತಿಂಗಳಿಗೆ ಹತ್ತು ಹದಿನೈದು ಮಿಲಿ ಆಯಿತು, ಕೆಮ್ಮಿನ ಔಷಧಿ ಮುಚ್ಚಳದಷ್ಟು. ಅದೇ ಆಯಿಲ್ ಪ್ರೆಶರ್ ಸ್ವಿಚ್ಚೋ, ಆಯಿಲ್ ಫಿಲ್ಟರ್ ರಬ್ಬರೋ ಬಿಟ್ಟಿದ್ದರೆ ಕತೆ ಬೇರೆ. ಅಲ್ಲಿ ಇಂಜಿನ್ ಓಡುವಾಗ ಮಾತ್ರ ಒತ್ತಡ. ಆಫ್ ಮಾಡಿದರೆ ಹನಿ ನಿಂತೇ ಹೋಗಬಹುದು, ಮನೆ ಮುಂದಿನ ನೆಲ ಗುಡಿಸಿದ ಹಾಗಿರುತ್ತದೆ. ಓಡುವಾಗ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗಿರುತ್ತದೆ. 2023ರಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಇಂಥ ಗಾಡಿ ನನ್ನ ಹತ್ತಿರ ಜಾಸ್ತಿ ಬರುತ್ತಿವೆ. ಹಳೇ ರಸ್ತೆಯಲ್ಲಿ ಮದ್ದೂರಿನಲ್ಲಿ ವಡೆ ತಿನ್ನುವಷ್ಟರಲ್ಲಿ ಇಂಜಿನ್ ತಣ್ಣಗಾಗುತ್ತಿತ್ತು. ಈಗ ಒಂದೇ ಸಮನೆ ನೂರರಲ್ಲಿ ಓಡಿಸುತ್ತಾರೆ. ಊರೊಳಗೆ ನಲವತ್ತರಲ್ಲಿ ಕಾಣದ ಲೀಕ್ ಅಲ್ಲಿ ಬಾಯಿ ಬಿಡುತ್ತದೆ.

ಅದಕ್ಕೇ ನಂಬಬೇಕಾದ್ದು ಡಿಪ್‌ಸ್ಟಿಕ್ ಒಂದನ್ನೇ. ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಹೆಚ್ಚಿನ ಕಾರುಗಳಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಒಂದು ಲೀಟರ್ ಆಸುಪಾಸು ವ್ಯತ್ಯಾಸ. ಒಂದು ಸರ್ವೀಸಿನಿಂದ ಇನ್ನೊಂದಕ್ಕೆ ಅರ್ಧ ಇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಸಾವಿರ ಕಿಲೋಮೀಟರಿಗೆ ಅಷ್ಟು ಇಳಿದರೆ ಗಾಡಿ ತನ್ನಿ ಅನ್ನುತ್ತೇನೆ. ಓಡುವಾಗ ಕೆಂಪು ಆಯಿಲ್ ಲೈಟ್ ಬಂತೋ, ಅಲ್ಲೇ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಇನ್ನೆರಡು ಕಿಲೋಮೀಟರ್ ಇದೆ ಮನೆಗೆ ಅಂತ ಓಡಿಸಿದವರ ಬೇರಿಂಗ್‌ಗಳು ನಮ್ಮ ಗ್ಯಾರೇಜಿನ ಡಬ್ಬಿಯಲ್ಲಿವೆ.

ಎಷ್ಟು ಸೋರುತ್ತದೆ ಅನ್ನುವುದರ ಜೊತೆಗೆ ಎಲ್ಲಿ ಬೀಳುತ್ತದೆ ಅನ್ನುವುದನ್ನೂ ನೋಡಬೇಕು. ಚಾಮುಂಡಿ ಬೆಟ್ಟ ಹತ್ತುವಾಗ ಸುಟ್ಟ ಎಣ್ಣೆ ವಾಸನೆ ಬರುತ್ತೆ ಅಂತ ಕೆಲವರು ಬರುತ್ತಾರೆ. ಇಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಅದರ ಪ್ಯಾಕಿಂಗ್ ಬಿಟ್ಟು ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಹನಿಸುತ್ತಿರುತ್ತದೆ. ಇದನ್ನು ನಾಳೆಗೆ ಇಡಬಾರದು, ಬೆಂಕಿಯ ವಿಷಯ. ಟೈಮಿಂಗ್ ಬೆಲ್ಟಿಗೆ ಆಯಿಲ್ ತಾಗಿದರೆ ಬೆಲ್ಟ್ ಬೇಗ ಹೋಗುತ್ತದೆ, ಕ್ಲಚ್ ಪ್ಲೇಟಿಗೆ ತಾಗಿದರೆ ಕ್ಲಚ್ ಜಾರುತ್ತದೆ. ಕ್ರ್ಯಾಂಕ್ ಸೀಲ್ ನಿಜವಾಗಿ ಹೋಗಿದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು, ಆಗ ಕ್ಲಚ್ ಪ್ಲೇಟೂ ನೋಡಿಬಿಡಿ, ಕೂಲಿ ಒಂದೇ.

ಹಳ್ಳಿ ರಸ್ತೆಯ ಹಂಪುಗಳಿಗೆ ಚೇಂಬರ್ ತಗುಲಿಸಿಕೊಂಡು ಬರುವ ಗಾಡಿಗಳು ನಮ್ಮ ಮಂಡ್ಯದಲ್ಲಿ ಬೇಕಾದಷ್ಟು. ಚೇಂಬರ್ ನೆಗ್ಗಿದರೆ ಬರೀ ಲೀಕ್ ನೋಡಿ ಬಿಡಬೇಡಿ. ನೆಗ್ಗಿದ ತಗಡು ಒಳಗೆ ಆಯಿಲ್ ಸೋಸುವ ಜಾಲರಿಗೆ, ಅಂದರೆ ಸ್ಟ್ರೈನರ್‌ಗೆ, ಒತ್ತಿದ್ದರೆ ಪಂಪಿಗೆ ಆಯಿಲ್ ಸಿಗುವುದಿಲ್ಲ.

ಇನ್ನು ಅಡ್ಡದಾರಿಗಳು. ಮೊದಲಿನ ಮೇಸ್ತ್ರಿಗಳು ಪ್ಯಾಕಿಂಗ್‌ಗೆ ಶೆಲ್ಯಾಕ್ ಹಚ್ಚುತ್ತಿದ್ದರು, ಅಂದರೆ ಅರಗು. (ವೋಟಿನ ಶಾಯಿ ಮಾಡುವ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾಗಿದ್ದೂ ಅರಗಿನ ಕೆಲಸಕ್ಕೇ.) ಈಗ ಸಿಲಿಕಾನ್ ಪೇಸ್ಟ್. ಹಾಕಬೇಕಾದ ಕಡೆ ತೆಳ್ಳಗೆ ಹಾಕಿದರೆ ಒಳ್ಳೆಯದೇ. ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿದರೆ ಹೆಚ್ಚಾದದ್ದು ಒಳಗೂ ಹಿಂಡಿಕೊಂಡು, ತುಂಡಾಗಿ ಸ್ಟ್ರೈನರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ಯಾಪೆಟ್ ಕವರ್ ಸೋರಿತು ಅಂತ ಬೋಲ್ಟ್ ಇನ್ನೂ ಬಿಗಿ ಮಾಡುವುದೂ ತಪ್ಪು, ಕವರ್ ಬಾಗಿ ಲೀಕ್ ಜಾಸ್ತಿಯಾಗುತ್ತದೆ. ಲೀಕ್ ನಿಲ್ಲಿಸುವ ಬಾಟಲಿ ಔಷಧಿ ಗಟ್ಟಿಯಾದ ರಬ್ಬರನ್ನು ಸ್ವಲ್ಪ ಊದಿಸುತ್ತದೆ, ಕೆಲವು ತಿಂಗಳು ತಳ್ಳಬಹುದು. ಮುರಿದ ರಬ್ಬರ್ ರಿಂಗಿಗೆ, ಹರಿದ ಪ್ಯಾಕಿಂಗ್‌ಗೆ ಅದು ಏನೂ ಮಾಡುವುದಿಲ್ಲ. ದಪ್ಪ ಆಯಿಲ್ ಹಾಕುವುದಾದರೆ ನಿಮ್ಮ ಗಾಡಿಯ ಪುಸ್ತಕ ಒಪ್ಪುವ ಗ್ರೇಡಿನೊಳಗೇ ಹಾಕಿ. ಆರ್‌ಸಿ ರಿನ್ಯೂವಲ್‌ಗೆ ಹೋಗುವ ಬೆಳಿಗ್ಗೆ ಇಂಜಿನ್ ತೊಳೆಸುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ಅವರು ನನ್ನ ಗಿರಾಕಿಗಳೇ.

ಹದಿನೈದು ದಿನ ಬಿಟ್ಟು ಮೇಷ್ಟ್ರು ಮತ್ತೆ ಬಂದರು, ಮತ್ತೊಂದು ರಟ್ಟು ಹಿಡಿದು. ಹಳೇ ಜಾಗದಲ್ಲಿ ಕಲೆ ಇರಲಿಲ್ಲ. ಇನ್ನೊಂದು ಕಡೆ ಮಾತ್ರ ಕಡಲೆಕಾಳಿನಷ್ಟು ಒಂದು ಚುಕ್ಕೆ.

“ಇದೇನಯ್ಯ ಇದು?”

“ಚೇಂಬರ್ ಪ್ಯಾಕಿಂಗ್ ಒಸರ್ತಾ ಐತೆ ಮೇಷ್ಟ್ರೇ. ಬಿಡಿ, ಇಷ್ಟುಕ್ಕೆ ಬಿಚ್ಚೋದು ಬೇಡ.”

ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಜೇಬಿನಿಂದ ಪಾಕೆಟ್ ಡೈರಿ ತೆಗೆದು, ನನ್ನ ಕೈಲೇ ಡಿಪ್‌ಸ್ಟಿಕ್ ಎಳೆಸಿ, ಆಯಿಲ್ ಎಲ್ಲಿಗಿದೆ ಅಂತ ಗೆರೆ ಎಳೆದು ತಾರೀಕು ಬರೆದುಕೊಂಡರು. ಮುಂದಿನ ತಿಂಗಳು ಒಂದನೇ ತಾರೀಕು ಮತ್ತೆ ನೋಡುತ್ತಾರಂತೆ.