ಒಲೆ ಇದೆಯಾ ಅಂತ ಕೇಳಿದ ಅತ್ತೆ

ಇಥಿಯೋಪಿಯಾದ ಗುಡ್ಡಗಾಡಿನ ಒಂದು ಮನೆ. ಸೊಸೆಗೆ ಎಂಟು ತಿಂಗಳು ತುಂಬಿತ್ತು. ಅತ್ತೆ ಕಾಫಿ ಬೀಜ ಹುರಿದು, ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಿದ್ದರು. ಅಲ್ಲಿ ಕಾಫಿ ಒಂದೇ ಲೋಟಕ್ಕೆ ಮುಗಿಯುವುದಿಲ್ಲ. ಅಬೋಲ್, ಟೋನಾ, ಬೆರೆಕಾ ಅಂತ ಮೂರು ಸುತ್ತು. ನನ್ನ ಜೊತೆಗಿದ್ದ ಊರಿನ ಆರೋಗ್ಯ ಕಾರ್ಯಕರ್ತೆ ಮೊದಲೆರಡು ಸುತ್ತು ಬರೀ ಹಸು, ಮಳೆ, ನೆಂಟರ ಮಾತಾಡಿದಳು. ಮೂರನೇ ಸುತ್ತಿಗೆ ವಿಷಯಕ್ಕೆ ಬಂದಳು. ನೋವು ಶುರುವಾಗುವ ಮೊದಲೇ ಸೊಸೆಯನ್ನು ಆಸ್ಪತ್ರೆ ಪಕ್ಕದಲ್ಲಿ ಬಸುರಿಯರು ಹೆರಿಗೆ ತನಕ ತಂಗುವ ಮನೆಗೆ ಕಳಿಸ್ತೀರಾ?

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಗೆನ್ಫೋ ಮಾಡೋಕೆ ಒಲೆ ಇದೆಯೇನಮ್ಮ?"

ಗೆನ್ಫೋ ಅಂದರೆ ಬಾರ್ಲಿ ಹಿಟ್ಟಿನ ಗಟ್ಟಿ ಮುದ್ದೆ. ನಡುವೆ ಗುಳಿ ಮಾಡಿ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಸುರಿಯುತ್ತಾರೆ. ಬಾಣಂತಿಗೆ ಅದು ಬೇಕೇ ಬೇಕು. ಮಗು ನೋಡಲು ಬಂದವರೂ ತಿನ್ನುತ್ತಾರೆ. ಬಾಣಂತಿಗೆ ಬಿಸಿ ಊಟ ಇಲ್ಲದ ಜಾಗಕ್ಕೆ ನಮ್ಮ ಅಜ್ಜಿಯರಾದರೂ ಕಳಿಸುತ್ತಾರಾ? ಆ ಅತ್ತೆಯದು ಮೂಢನಂಬಿಕೆ ಅಲ್ಲ, ಸರಿಯಾದ ಪ್ರಶ್ನೆ. ಎಷ್ಟೋ ಆರೋಗ್ಯ ಕೇಂದ್ರಗಳು ಬಾಣಂತಿಯರಿಗೆ ಗೆನ್ಫೋ, ಕಾಫಿ ಮಾಡಿಕೊಡಲು ಶುರು ಮಾಡಿದ್ದು ಇದಕ್ಕೇ.

ಹೆರಿಗೆ ಸಮಯದಲ್ಲಿ ತಾಯಂದಿರು ಸಾಯುವುದು ಹೆಚ್ಚಾಗಿ ತಡದಿಂದ. ಮನೆಯಿಂದ ಹೊರಡುವುದು ತಡ, ದಾರಿ ತಡ, ಆಸ್ಪತ್ರೆ ಸೇರಿದ ಮೇಲೆ ಚಿಕಿತ್ಸೆ ತಡ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಎರಡು ಗಂಟೆಯಲ್ಲೇ ಜೀವ ಹೋಗಬಹುದು. ನಾಲ್ಕು ಗಂಟೆ ದಾರಿ ಇರುವ ಊರಿಗೆ ಆಂಬುಲೆನ್ಸ್ ಬಂದರೂ ಏನು ಪ್ರಯೋಜನ? ಅದಕ್ಕೇ ಬಸುರಿಯನ್ನೇ ಮೊದಲು ಕರೆತಂದು ಇಟ್ಟುಕೊಳ್ಳುವುದು.

ಗುರಾಗೆ ಸೀಮೆಯ ಅಟ್ಟಾಟ್ ಆಸ್ಪತ್ರೆಯಲ್ಲಿ ಇಂಥ ಮನೆ 1970ರ ದಶಕದಿಂದಲೇ ಇದೆ. 1987ರಿಂದ 2008ರವರೆಗಿನ ಅಲ್ಲಿನ ಲೆಕ್ಕ ನೋಡಿ. ಮೊದಲೇ ಬಂದು ತಂಗಿದ್ದವರಲ್ಲಿ ತಾಯಂದಿರ ಸಾವು ಲಕ್ಷ ಜೀವಂತ ಜನನಕ್ಕೆ ಸುಮಾರು 90. ನೇರವಾಗಿ ಬಂದವರಲ್ಲಿ 1,300ಕ್ಕೂ ಜಾಸ್ತಿ. ಇದನ್ನು ಸ್ವಲ್ಪ ಹುಷಾರಾಗಿ ಓದಬೇಕು. ನೇರವಾಗಿ ಬಂದವರಲ್ಲಿ ಅನೇಕರು ಹೆರಿಗೆ ಕಷ್ಟವಾದ ಮೇಲೆಯೇ ಹೊರಟವರು. ಹಾಗಾಗಿ ಪೂರ್ತಿ ವ್ಯತ್ಯಾಸ ಆ ಮನೆಯಿಂದಲೇ ಬಂತು ಅನ್ನಲಾಗದು. ಆದರೂ ಅಷ್ಟು ದೊಡ್ಡ ಅಂತರವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಆ ಕಾರ್ಯಕರ್ತೆ. 2003ರಲ್ಲಿ ಇಥಿಯೋಪಿಯಾ ಸರ್ಕಾರ ಸುಮಾರು 5,000 ಜನರಿರುವ ಪ್ರತಿ ಕೆಬೆಲೆಗೆ, ಅಂದರೆ ಅಲ್ಲಿನ ಪಂಚಾಯಿತಿಗೆ, ಇಬ್ಬರು ಹೆಣ್ಣುಮಕ್ಕಳನ್ನು ನೇಮಿಸುವ ಕೆಲಸ ಶುರು ಮಾಡಿತು. ಹತ್ತನೇ ತರಗತಿ ಓದಿದ ಅದೇ ಕಡೆಯವರು, ಒಂದು ವರ್ಷ ತರಬೇತಿ. ಮುಖ್ಯವಾಗಿ, ತಿಂಗಳ ಸಂಬಳ. ನಮ್ಮ ಆಶಾ ಕಾರ್ಯಕರ್ತೆಯರು ಇವತ್ತಿಗೂ ಗೌರವಧನಕ್ಕಾಗಿ ರಸ್ತೆಯಲ್ಲಿ ಕೂರಬೇಕಾಗುತ್ತದೆ, ಅಲ್ವಾ? ಸಂಬಳ ಇದ್ದವಳಿಗೆ ಮೂರನೇ ಲೋಟದ ತನಕ ಕಾಯುವ ವ್ಯವಧಾನ ಇರುತ್ತದೆ.

ನೀರಿಲ್ಲದೆ, ಸೌದೆ ಇಲ್ಲದೆ ಖಾಲಿ ಬಿದ್ದ ತಂಗುಮನೆಗಳನ್ನೂ ಕಂಡಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರಿಗಂತೂ ಬರುವುದೇ ಕಷ್ಟ. ಆ ಸೊಸೆ ಮಾತ್ರ ಎರಡು ವಾರ ಮೊದಲೇ ಬಂದಳು. ದೊಡ್ಡ ಮಗುವೂ ಜೊತೆಗಿತ್ತು. ಹಿಂದೆ ಅತ್ತೆ, ಬೆನ್ನ ಮೇಲೆ ಸೌದೆ ಹೊರೆ, ಕೈಯಲ್ಲಿ ಬಾರ್ಲಿ ಹಿಟ್ಟಿನ ಚೀಲ.