ಗುದ್ದಿದರೂ ತಾಗದ ಗುದ್ದು

ಬಂದೂಕಿನ ಮೇಲಿನ ಗೀರುಗಳನ್ನೂ ಬಿಡದೆ ತೋರಿಸುವ ಫಸ್ಟ್ ಪರ್ಸನ್ ಗೇಮ್‌ಗಳಲ್ಲಿ, ಅಂದರೆ ಪಾತ್ರದ ಕಣ್ಣಿನಿಂದಲೇ ಆಟ ಕಾಣುವ ವಿಡಿಯೋ ಗೇಮ್‌ಗಳಲ್ಲಿ, ಗುಂಡು ಖಾಲಿಯಾಗಿ ಕೈಕೈ ಮಿಲಾಯಿಸುವ ಹೊತ್ತು ಬಂತೆಂದರೆ ಆಟ ಸಪ್ಪೆಯಾಗುತ್ತದೆ. ಮುಷ್ಟಿ ಗಾಳಿಗೆ ಗುದ್ದಿದಂತಿರುತ್ತದೆ ಎಂಬುದು ಬೆಂಗಳೂರಿನ ಗೇಮಿಂಗ್ ಕೆಫೆಗಳಲ್ಲಿ ಹಳೆಯ ದೂರು. ಅನಿಮೇಟರ್‌ಗಳ ಸೋಮಾರಿತನ ಎಂದು ಬೈದು ಸುಮ್ಮನಾಗುವವರೇ ಹೆಚ್ಚು. ನನಗೆ ಅದು ಅನ್ಯಾಯವೆನಿಸುತ್ತದೆ.

1993ರಲ್ಲಿ ಬಂದ 'ಡೂಮ್' ಎಂಬ ಗೇಮ್‌ನ ಕೋಡ್ 1997ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನು ತೆರೆದು ನೋಡಿದರೆ ಗುಂಡಿಗೂ ಗುದ್ದಿಗೂ ಲೆಕ್ಕಾಚಾರ ಒಂದೇ: ಆಟಗಾರನ ಮುಂದೆ ಕಾಣದ ಗೆರೆಯೊಂದನ್ನು ಎಳೆದು, ಅದು ಶತ್ರುವಿಗೆ ತಾಗಿತೇ ಎಂದು ನೋಡುವುದು. ಆಟದೊಳಗಿನ ಅಳತೆಯಲ್ಲಿ ಗುಂಡಿನ ಗೆರೆಯ ಉದ್ದ 2048, ಮುಷ್ಟಿಯದು 64. ಅಲ್ಲಿ ಗುದ್ದೆಂದರೆ ದೂರ ಹೋಗದ ಗುಂಡು, ಅಷ್ಟೇ. ಪರದೆಯ ಕೆಳಗೆ ಕಾಣುತ್ತಿದ್ದ ಕೈ ಬರೀ ಚಪ್ಪಟೆ ಚಿತ್ರಗಳ ಸರಣಿ. ಏಟು ತಾಗುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

1998ರ 'ಹಾಫ್-ಲೈಫ್' ಹೊತ್ತಿಗೆ ಕೈಗೆ ಮೂರು ಆಯಾಮ ಬಂದಿತ್ತು, ಅದರಲ್ಲೊಂದು ಹಾರೆಯೂ ಇತ್ತು. ಆದರೆ ಕತ್ತಿನ ಕೆಳಗೆ ದೇಹವೇ ಇಲ್ಲ, ತೇಲುವ ಕೈಗಳು ಮಾತ್ರ.

ದೇಹ ಕೊಡುವ ಗಟ್ಟಿ ಪ್ರಯತ್ನ ಮಾಡಿದ್ದು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಎಂಬ ಗೇಮ್ ಕಂಪನಿ, 2004ರ ರಿಡಿಕ್ ಗೇಮ್‌ನಲ್ಲಿ. ಬಗ್ಗಿ ನೋಡಿದರೆ ಅಲ್ಲಿ ನಿಮ್ಮ ಕಾಲು ಕಾಣುತ್ತದೆ. ಜೈಲಿನೊಳಗೆ ಬರಿಗೈ ಹೊಡೆದಾಟವೇ ಆಟದ ಜೀವಾಳ. ಈ ಕಂಪನಿಗೂ ನಮ್ಮ ಊರಿಗೂ ಮುಂದೆ ನಂಟು ಬೆಳೆಯಿತು. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸಂಸ್ಥೆಯನ್ನು ಸ್ಟಾರ್‌ಬ್ರೀಜ್ ಕೊಂಡುಕೊಂಡು, 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಗೆ ಮಾರಿತು. ಅಷ್ಟರಲ್ಲಿ ಸ್ಟಾರ್‌ಬ್ರೀಜ್‌ನ ಹಳಬರು ಕೆಲವರು 2009ರಲ್ಲೇ ಹೊರಬಂದು ಮಷೀನ್‌ಗೇಮ್ಸ್ ಕಟ್ಟಿದ್ದರು. 2024ರ ಇಂಡಿಯಾನಾ ಜೋನ್ಸ್ ಗೇಮ್‌ನ ಮುಷ್ಟಿಕಾಳಗಗಳು ಆ ಮನೆಯಿಂದಲೇ ಬಂದವು.

ಇಷ್ಟು ವರ್ಷ ಕಾಡಿದ ತೊಡಕಾದರೂ ಏನು? ನಿಜವಾದ ಗುದ್ದು ಹುಟ್ಟುವುದು ಹಿಮ್ಮಡಿಯಲ್ಲಿ. ಸೊಂಟ ತಿರುಗಿ, ಹೆಗಲು ಮುಂದೆ ಬಂದು, ಕೊನೆಗೆ ಮುಷ್ಟಿಗೆ ಬಲ ಸಿಗುತ್ತದೆ. ಕ್ಯಾಮೆರಾ ಕಣ್ಣಿನ ಜಾಗದಲ್ಲಿದ್ದರೆ ಇವ್ಯಾವುವೂ ಕಾಣುವುದಿಲ್ಲ. ನುರಿತ ಬಾಕ್ಸರ್‌ನ ಹೊಡೆತವನ್ನು ಮೋಷನ್ ಕ್ಯಾಪ್ಚರ್‌ನಲ್ಲಿ, ಅಂದರೆ ಮೈಚಲನೆಯನ್ನು ದಾಖಲಿಸುವ ತಂತ್ರದಲ್ಲಿ, ಹಿಡಿದು ಹಾಗೆಯೇ ಕೂರಿಸಿದರೆ, ಪರದೆಯ ಅಂಚಿನಲ್ಲಿ ಏನೋ ಮಿಂಚಿ ಮಾಯವಾಗುತ್ತದೆ. ಅದಕ್ಕೇ ಅನಿಮೇಟರ್ ಸುಳ್ಳಿನ ಮೊರೆ ಹೋಗುತ್ತಾನೆ: ತೋಳನ್ನು ಉದ್ದವಾಗಿಸುತ್ತಾನೆ, ಮುಷ್ಟಿಯನ್ನು ಪರದೆಯ ನಡುವಿಗೆ ಎಳೆದು ತರುತ್ತಾನೆ, ಏಟು ತಾಗಿದ ಗಳಿಗೆಯಲ್ಲಿ ಚಲನೆಯನ್ನು ಕೆಲವು ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರ) ತಡೆದು ನಿಲ್ಲಿಸುತ್ತಾನೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಮೂರು ಫ್ರೇಮ್ ಎಂದರೆ 50 ಮಿಲಿಸೆಕೆಂಡ್. ಕಣ್ಣು ಅದನ್ನು ತಡೆಯೆಂದು ಗುರುತಿಸುವುದಿಲ್ಲ, ಭಾರವೆಂದು ನಂಬುತ್ತದೆ. ಅದೇ ತೋಳನ್ನು ಪಕ್ಕದಿಂದ ನೋಡಿದರೆ ಮುರಿದ ಹಾಗಿರುತ್ತದೆ. ಆದ್ದರಿಂದಲೇ ಬಹಳಷ್ಟು ಗೇಮ್‌ಗಳಲ್ಲಿ ನಿಮಗೆ ಕಾಣುವ ನಿಮ್ಮ ಕೈ ಬೇರೆ, ಎದುರಾಳಿಗೆ ಕಾಣುವುದು ಬೇರೆ.

ತಲೆಯ ಅಲುಗಾಟವನ್ನಂತೂ ಇದ್ದಂತೆ ತೋರಿಸುವ ಹಾಗೇ ಇಲ್ಲ; ಆಟಗಾರನಿಗೆ ತಲೆಸುತ್ತು ಬರುತ್ತದೆ. 2008ರ 'ಮಿರರ್ಸ್ ಎಡ್ಜ್' ನೋಟ ನೆಲೆ ನಿಲ್ಲಲೆಂದೇ ಪರದೆಯ ನಡುವೆ ಚುಕ್ಕೆಯೊಂದನ್ನು ಇಟ್ಟಿತು.

ಇನ್ನು ಕುಸ್ತಿ. ಬೆಂಗಳೂರು ಪೇಟೆಯ ಗರಡಿಗಳಲ್ಲಿ ಪಟ್ಟು ಕಲಿತವರಿಗೆ ಈ ಗೇಮ್‌ಗಳು ಹೊಡೆದಾಟದ ಅರ್ಧವನ್ನೇ ಬಿಟ್ಟಿವೆ ಎನಿಸಿದರೆ ತಪ್ಪಿಲ್ಲ. ಪಟ್ಟು ಹಾಕುವಾಗ ಎರಡು ದೇಹಗಳು ಒಂದರ ಬಲಕ್ಕೆ ಇನ್ನೊಂದು ಕ್ಷಣಕ್ಷಣಕ್ಕೂ ಜಗ್ಗಬೇಕು, ಬಗ್ಗಬೇಕು. ಬಹುತೇಕ ಗೇಮ್‌ಗಳು ಅಲ್ಲಿ ಕೈಚೆಲ್ಲುತ್ತವೆ: ಗುಂಡಿ ಒತ್ತಿದರೆ ಮೊದಲೇ ಸಿದ್ಧಪಡಿಸಿದ ದೃಶ್ಯ ಓಡುತ್ತದೆ, ಆಟಗಾರ ಪ್ರೇಕ್ಷಕನಾಗುತ್ತಾನೆ. ಕಣ್ಣಿಗೆ ಕನ್ನಡಕದಂತೆ ಕಟ್ಟಿಕೊಂಡು ಆಡುವ ವಿಆರ್ (ವರ್ಚುವಲ್ ರಿಯಾಲಿಟಿ) ಬಂದ ಮೇಲೆ ಕೈಯೇನೋ ಸ್ವಂತದ್ದಾಯಿತು. 2019ರ 'ಬೋನ್‌ವರ್ಕ್ಸ್' ವಸ್ತುಗಳ ಭಾರವನ್ನೂ ಲೆಕ್ಕಕ್ಕೆ ತಂದಿತು. ಆದರೂ ಪರದೆಯೊಳಗಿನ ಮುಷ್ಟಿ ಎದುರಾಳಿಯ ಎದೆಗೆ ತಾಗಿ ನಿಂತಾಗ, ನಡುಮನೆಯಲ್ಲಿ ನಿಂತವನ ನಿಜವಾದ ಕೈ ತಡೆಯಿಲ್ಲದೆ ಇನ್ನೂ ಒಂದು ಗೇಣು ಮುಂದೆ ಹೋಗಿರುತ್ತದೆ.