ಗೆಳತಿಗಾಗಿ ತಲೆ ಬೋಳಿಸಿಕೊಂಡರೆ ಶಾಲೆಗೇಕೆ ತಕರಾರು?

ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿ ಶುರುವಾದ ಎರಡು ಮೂರು ವಾರಕ್ಕೆ, ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಕೂದಲು ಕಾಣುತ್ತದೆ. ಮೊದಲು ಎಳೆ ಎಳೆಯಾಗಿ, ಆಮೇಲೆ ಹಿಡಿ ಹಿಡಿಯಾಗಿ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಈ ಔಷಧಿ ಹುಡುಕಿ ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಯಾವುದು, ಕೂದಲಿನ ಬುಡ ಯಾವುದು ಎಂಬ ಭೇದ ಅದಕ್ಕಿಲ್ಲ. ಹತ್ತು ವರ್ಷದ ಮಗುವಿಗೆ ಕಾಯಿಲೆಗಿಂತ ಜಾಸ್ತಿ ಹೆದರಿಕೆ, ಹೀಗೆ ಬೋಳಾದ ತಲೆಯಲ್ಲಿ ಕ್ಲಾಸಿಗೆ ಹೋಗುವುದು.

ಈ ಹೆದರಿಕೆಯಿಂದಲೇ ಕಥೆ ಶುರು. 1994ರಲ್ಲಿ ಕ್ಯಾಲಿಫೋರ್ನಿಯಾದ ಓಷನ್‌ಸೈಡ್ ಊರಿನಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬನಿಗೆ ಕ್ಯಾನ್ಸರ್ ಬಂತು. ಅವನೊಬ್ಬನೇ ಬೇರೆಯಾಗಿ ಕಾಣಬಾರದು ಎಂದು 13 ಹುಡುಗರು ತಲೆ ಬೋಳಿಸಿಕೊಂಡರು. ಮೇಷ್ಟ್ರೂ ಬೋಳಿಸಿಕೊಂಡರು. ಅಲ್ಲಿ ದೇಣಿಗೆಯ ಮಾತೇ ಇರಲಿಲ್ಲ.

ದುಡ್ಡು ಜೊತೆಗೂಡಿದ್ದು ಆಮೇಲೆ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ರಕ್ತದ ಕ್ಯಾನ್ಸರ್ ರೋಗಿಗಳಿಗಾಗಿ ತಲೆ ಬೋಳಿಸಿಕೊಂಡು ದೇಣಿಗೆ ಕೂಡಿಸುವ ಅಭಿಯಾನ ಶುರುವಾಯಿತು. 2000ದ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ನ್ಯೂಯಾರ್ಕಿನಲ್ಲಿ ವಿಮಾ ವ್ಯವಹಾರದ ಮೂವರು ಗೆಳೆಯರು ಒಂದು ಪಬ್‌ನಲ್ಲಿ ಜನ ಸೇರಿಸಿದರು. 17 ತಲೆ ಬೋಳಿಸಿ 17 ಸಾವಿರ ಡಾಲರ್ ಕೂಡಿಸುವ ಲೆಕ್ಕಾಚಾರ. ಕೂಡಿದ್ದು ಒಂದು ಲಕ್ಷಕ್ಕೂ ಮೇಲೆ. ಅದೇ ಮುಂದೆ ಸೇಂಟ್ ಬಾಲ್ಡ್ರಿಕ್ಸ್ ಫೌಂಡೇಶನ್ ಆಯಿತು. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಇದುವರೆಗೆ 30 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟಿದೆ. ಪಬ್‌ನಿಂದ ಅದು ಶಾಲೆಯ ಸಭಾಂಗಣಕ್ಕೆ ಬರಲು ತಡವಾಗಲಿಲ್ಲ.

ಈ ಹಣ ಹೋಗುವ ಸಂಶೋಧನೆ ಏನು ಮಾಡಬಲ್ಲದು ಎನ್ನುವುದನ್ನು ಮರೆಯಬಾರದು. 1947ರ ಕೊನೆಯಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಮೊದಲ ಔಷಧಿ ಕೊಟ್ಟಾಗ ಆ ಕಾಯಿಲೆ ಎಂದರೆ ಸಾವು ಎಂದೇ ಅರ್ಥ. ಇಂದು ಶ್ರೀಮಂತ ದೇಶಗಳಲ್ಲಿ, ಮಕ್ಕಳಲ್ಲಿ ತೀರಾ ಸಾಮಾನ್ಯವಾದ ರಕ್ತದ ಕ್ಯಾನ್ಸರ್ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. (ನಮ್ಮ ಅಂಗಳದ ಕಾಶಿ ಕಣಗಿಲೆ ಇದೆಯಲ್ಲ, ಈ ಚಿಕಿತ್ಸೆಯ ಮುಖ್ಯ ಔಷಧಿಗಳಲ್ಲೊಂದಾದ ವಿನ್‌ಕ್ರಿಸ್ಟಿನ್ ಬರುವುದು ಆ ಗಿಡದಿಂದಲೇ.)

ಗೋಜಲು ಶುರುವಾದದ್ದು ಶಾಲೆಯ ನಿಯಮ ಅಡ್ಡ ಬಂದಾಗ. ಸಿಂಗಪುರದಲ್ಲಿ ಮಕ್ಕಳ ಕ್ಯಾನ್ಸರ್ ಸಂಸ್ಥೆಯೊಂದು 2003ರಿಂದ ‘ಹೇರ್ ಫಾರ್ ಹೋಪ್’ ಎಂಬ ತಲೆ ಬೋಳಿಸುವ ಅಭಿಯಾನ ನಡೆಸುತ್ತಿದೆ. 2013ರಲ್ಲಿ ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರ ಐವರು ಹುಡುಗಿಯರು ಅದರಲ್ಲಿ ತಲೆ ಬೋಳಿಸಿಕೊಂಡರು. ವಿಗ್ ಹಾಕಿಕೊಂಡೇ ಶಾಲೆಗೆ ಬರುತ್ತೇವೆ ಎಂದು ಮೊದಲೇ ಒಪ್ಪಿದ್ದರು. ಆದರೆ ಮೂವರು ವಿಗ್ ಇಲ್ಲದೆ ಬಂದರು. ಶಾಲೆ ವಿಗ್ ಹಾಕಲೇಬೇಕು ಎಂದಿತು. ಹೆಣ್ಣುಮಕ್ಕಳ ಕೂದಲು ಹೇಗಿರಬೇಕು ಎಂದು ನಿಯಮದಲ್ಲೇ ಇತ್ತು. ಊರೆಲ್ಲ ಚರ್ಚೆಯಾಯಿತು. ಕೊಟ್ಟ ಮಾತಿಗೆ ತಪ್ಪಿದರು ಎಂದು ಕೆಲವರು. ಬೋಳು ತಲೆ ನಾಚಿಕೆಯ ವಿಷಯವಲ್ಲ ಎಂದು ತೋರಿಸಲು ಹೊರಟವರಿಗೆ ತಲೆ ಮುಚ್ಚಿಕೊಳ್ಳಿ ಅಂದರೆ ಹೇಗೆ ಎಂದು ಇನ್ನು ಕೆಲವರು. ಕೊನೆಗೆ ಶಾಲೆ ಪಟ್ಟು ಸಡಿಲಿಸಿತು.

ಮಾತು ಮಾತೇ, ನಿಜ. ಆದರೆ ಆ ವಿಗ್ ನೋಡಿ, ಅದೇ ಊರಿನ ಆಸ್ಪತ್ರೆಯಲ್ಲಿ ಕೂದಲು ಕಳೆದುಕೊಂಡು ಮಲಗಿದ್ದ ಹುಡುಗಿಗೆ ಏನನ್ನಿಸಿರಬೇಕು? ಚರ್ಚೆಯಲ್ಲಿ ಈ ಪ್ರಶ್ನೆ ಹಿಂದೆ ಬಿತ್ತು.

ಮರುವರ್ಷವೇ ಅಮೆರಿಕದ ಕೊಲೊರಾಡೊದಲ್ಲಿ 9 ವರ್ಷದ ಹುಡುಗಿ ಕ್ಯಾನ್ಸರ್ ಬಂದ ಗೆಳತಿಗಾಗಿ ತಲೆ ಬೋಳಿಸಿಕೊಂಡಳು. ವಸ್ತ್ರಸಂಹಿತೆಗೆ ವಿರುದ್ಧ ಎಂದು ಅವಳನ್ನು ಶಾಲೆಯೊಳಗೆ ಬಿಡಲಿಲ್ಲ. ಆಡಳಿತ ಮಂಡಳಿ ಸಭೆ ಸೇರಿ, ಮತ ಹಾಕಿ ವಿನಾಯಿತಿ ಕೊಡಬೇಕಾಯಿತು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬೋಳಿಸಿದ ಕೂದಲೆಲ್ಲ ವಿಗ್ ಆಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ವಿಗ್‌ಗೆ ಉದ್ದ ಕೂದಲೇ ಬೇಕು. ಹುಡುಗರ ಗಿಡ್ಡ ಕೂದಲು ನೇರ ಕಸಕ್ಕೆ. ಈ ಅಭಿಯಾನದ ಫಲ ಕೂದಲಲ್ಲ, ಅದರ ಹೆಸರಲ್ಲಿ ಕೂಡಿದ ಹಣ. ಬೆಂಗಳೂರಿನ ಕಾಲೇಜುಗಳಲ್ಲಿ ನಡೆಯುವುದು ಬೇರೆಯದು, ಅದು ಕೂದಲು ದಾನ. ಉದ್ದ ಜಡೆಯನ್ನು ಕತ್ತರಿಸಿ ವಿಗ್ ಮಾಡಲು ಕೊಡುತ್ತಾರೆ. ತಿಮ್ಮಪ್ಪನಿಗೆ, ಮಾದಪ್ಪನಿಗೆ ಮುಡಿ ಕೊಟ್ಟು ಗೊತ್ತಿರುವ ನಮಗೆ ಬೋಳು ತಲೆ ಹೊಸದಲ್ಲ. ಆದರೂ ಹುಡುಗಿ ಬೋಳಿಸಿಕೊಂಡರೆ ‘ಯಾಕಮ್ಮ ಹೀಗೆ ಮಾಡ್ಕೊಂಡೆ’ ಎಂದು ಕೇಳದೆ ಬಿಡುವವರು ಕಡಿಮೆ, ಅಲ್ವಾ?

ಬೋಳಿಸಿಕೊಳ್ಳದ ಮಗುವಿನ ಬಗ್ಗೆಯೂ ಯೋಚಿಸಬೇಕು. ಕ್ಲಾಸಿನ ಎಲ್ಲರೂ ಬೋಳಿಸಿಕೊಂಡಾಗ ‘ನನಗೆ ಬೇಡ’ ಎನ್ನುವುದು ಕಷ್ಟ. ಮನೆಯವರ ಒಪ್ಪಿಗೆ ಪತ್ರ ತಂದರೆ ಸಾಲದು. ಮಗುವನ್ನೇ ಒಬ್ಬಳನ್ನೇ ಕೂರಿಸಿ ಕೇಳಬೇಕು. ಬೇಡ ಅಂದವಳು ಟಿಕೆಟ್ ಹರಿಯಲಿ, ದೇಣಿಗೆ ಪೆಟ್ಟಿಗೆ ಹಿಡಿಯಲಿ, ಸುಮ್ನೆ ಗೆಳತಿಯ ಪಕ್ಕ ಕೂರಲಿ.

ಕೂದಲು ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತದೆ. ಮೂರು ತಿಂಗಳಲ್ಲಿ ಗೆಳೆಯರೆಲ್ಲ ಮತ್ತೆ ಬಾಚಣಿಗೆ ಹಿಡಿದಿರುತ್ತಾರೆ. ಮಕ್ಕಳಲ್ಲಿ ತೀರಾ ಸಾಮಾನ್ಯವಾದ ಆ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು ವರ್ಷಕ್ಕೂ ಜಾಸ್ತಿ ನಡೆಯುತ್ತದೆ. ಆ ಮಗು ಆಗಲೂ ಶಾಲೆ ತಪ್ಪಿಸಿ ಆಸ್ಪತ್ರೆಗೆ ಹೋಗುತ್ತಿರುತ್ತದೆ. ಯಾರಾದರೂ ನೋಟ್ಸ್ ಬರೆದಿಟ್ಟಿರಬೇಕು.